ಸಂಬಳ ಚೀಟಿ ಫೋನಿನಲ್ಲಿ ಎಲ್ಲಿದೆ?



ಬೋನಸ್ಸಿನ ಮಾತು ಬಂದರೆ, ಕೂಲಿ ಒಪ್ಪಂದದ ಮಾತು ಬಂದರೆ ಸಭೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಫೋನಿನಲ್ಲಿರುವ ಫೈಲುಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವ ಮಾತೆತ್ತಿದರೆ ಮಾತ್ರ ನಮ್ಮವರು ನಕ್ಕುಬಿಡುತ್ತಾರೆ. ಅದೆಲ್ಲ ಹುಡುಗರ ಆಟ, ಎಲೆ ಕೀಳುವವರಿಗೆ ಏತಕ್ಕೆ ಎನ್ನುತ್ತಾರೆ. ಅದೂ ಕೂಲಿಯ ಮಾತೇ ಎಂಬುದು ನಮ್ಮ ಅಭಿಪ್ರಾಯ. ಯಾಕೆಂದು ಹೇಳುತ್ತೇವೆ.

ಸಂಘದ ಕೆಲಸಕ್ಕೆಂದು ಮೇಜಿನ ಹಿಂದೆ ಕೂರುವ ನಮ್ಮ ಮುಂದೆ ಈಗ ಕಾಗದಕ್ಕಿಂತ ಫೋನೇ ಹೆಚ್ಚಾಗಿ ಬರುತ್ತದೆ. ಚೀಟಿ ಇದರಲ್ಲೇ ಇದೆ ನೋಡಿ ಎಂದು ಸೆರಗಿನಿಂದ ಒರೆಸಿ ಕೈಗಿಡುತ್ತಾರೆ. ತೆರೆದರೆ ಗ್ಯಾಲರಿಯಲ್ಲಿ ಸಾವಿರಾರು ಚಿತ್ರ. ಹೂವಿನ ಮೇಲೆ ಶುಭೋದಯ, ದೀಪದ ಮೇಲೆ ಶುಭರಾತ್ರಿ, ಸಿನಿಮಾ ನಟರು, ಯಾರದೋ ಮದುವೆ, ನಮ್ಮದೇ ಧರ್ಮಕೇಂದ್ರದ ಹಬ್ಬದ ತೇರು ಹತ್ತು ಸಲ. ಇವುಗಳ ನಡುವೆ ಎಲ್ಲೋ ಮಾರ್ಚ್ ತಿಂಗಳ ಸಂಬಳ ಚೀಟಿ. ಅರ್ಧ ಗಂಟೆ ಬೆರಳಾಡಿಸಿದರೂ ಸಿಗುವುದಿಲ್ಲ. ಸಿಕ್ಕಿದರೂ ಅಂಚು ಕತ್ತರಿಸಿ ಹೋಗಿ ಚೆಕ್‌ರೋಲ್ ನಂಬರು ಕಾಣುವುದಿಲ್ಲ. ಹೊತ್ತಾಯಿತು, ಮಕ್ಕಳು ಶಾಲೆಯಿಂದ ಬರುತ್ತಾರೆ ಎಂದು ಆ ತಾಯಿ ಎದ್ದು ಹೋಗುತ್ತಾರೆ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಹಿಂದಿನವರ ಪಾಡಿಯಲ್ಲಿ ತಗಡಿನ ಟ್ರಂಕು ಇರುತ್ತಿತ್ತು. ಅದರ ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಗಂಟು. ಜ್ಞಾನಸ್ನಾನದ ಪತ್ರ, ರೇಷನ್ ಕಾರ್ಡು, ಪಿ.ಎಫ್. ಚೀಟಿ, ಸೊಸೈಟಿಯ ರಸೀದಿ, ಎಲ್ಲ ಅದರಲ್ಲೇ. ಅಕ್ಷರ ಬಾರದ ಅಜ್ಜಿಗೂ ಯಾವ ಮಡಿಕೆಯಲ್ಲಿ ಯಾವುದಿದೆ ಎಂಬುದು ಕತ್ತಲಲ್ಲೂ ತಿಳಿಯುತ್ತಿತ್ತು. ಬೀಗದ ಕೈ ಅವರ ಸೊಂಟದಲ್ಲೇ. ಈಗಿನ ಟ್ರಂಕಿನ ಬೀಗ ತೆಗೆಯುವ ಗೆರೆ ಮಗನಿಗೆ ಗೊತ್ತು, ದುಡಿದು ತಂದ ತಾಯಿಗೆ ಗೊತ್ತಿಲ್ಲ. ಆಟ ಇಳಿಸಿಕೊಳ್ಳಲು ಜಾಗ ಸಾಲದೆಂದು ಒಂದು ಸಂಜೆ ಅವನು ಹಳೆಯ ಚಿತ್ರಗಳನ್ನೆಲ್ಲ ಅಳಿಸುತ್ತಾನೆ. ಹುಡುಗನನ್ನು ಬೈದು ಫಲವೇನು? ಅವುಗಳಲ್ಲಿ ಅಮ್ಮನ ಇಪ್ಪತ್ತು ತಿಂಗಳ ದುಡಿಮೆಯ ಸಾಕ್ಷಿ ಇತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಸಾಕ್ಷಿಯ ಬೆಲೆ ಎಷ್ಟೆಂದು ಸ್ವಲ್ಪ ಲೆಕ್ಕ ಹಾಕೋಣ. ಕನಿಷ್ಠ 5 ವರ್ಷ ಎಡೆಬಿಡದೆ ಸೇವೆ ಮಾಡಿದವರಿಗೆ ಪ್ರತಿ ವರ್ಷಕ್ಕೆ 15 ದಿನದ ಕೂಲಿಯಂತೆ ಗ್ರ್ಯಾಚುಟಿ ಸಲ್ಲಬೇಕು. 1972ರ ಕಾನೂನು ತಂದ ಈ ಅಳತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. 30 ವರ್ಷ ಎಲೆ ಕಿತ್ತವರಿಗೆ 450 ದಿನದ ಕೂಲಿಯಾಯಿತು. ನಿವೃತ್ತಿಯ ದಿನ ಆಫೀಸಿನವರು ಮೊದಲ 5 ವರ್ಷ ನೀವು ಬದಲಿ ಆಳಾಗಿದ್ದಿರಿ, ಅದು ಸೇರುವುದಿಲ್ಲ ಎಂದು ಕೈಚೆಲ್ಲಿದರೆ 75 ದಿನದ ಕೂಲಿ ಹೋಯಿತು. ಲೆಕ್ಕಕ್ಕೆಂದು ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೂ ಅದು 30,000 ರೂಪಾಯಿ. ಹೆಸರು ಬದಲಿ ಎಂದಿದ್ದರೇನು, ವರ್ಷಕ್ಕೆ 240 ದಿನ ದುಡಿದಿದ್ದರೆ ಆ ವರ್ಷ ಎಡೆಬಿಡದ ಸೇವೆಯೆಂದೇ ಲೆಕ್ಕ. ಆದರೆ 240 ದಿನ ದುಡಿದದ್ದನ್ನು ತೋರಿಸುವುದು ಯಾವುದು? ತಿಂಗಳು ತಿಂಗಳ ಸಂಬಳ ಚೀಟಿಯಲ್ಲಿ ಬರೆದಿರುವ ಹಾಜರಿ. ಹನ್ನೆರಡು ಚೀಟಿ ಕೂಡಿಸಿದರೆ ಒಂದು ವರ್ಷ. ಪಿ.ಎಫ್. ಪಿಂಚಣಿಗೂ 10 ವರ್ಷದ ಸೇವೆ ಬೇಕು. 12 ಅಂಕಿಯ ಯು.ಎ.ಎನ್. ನಂಬರು ಬಂದದ್ದೇ 2014ರಲ್ಲಿ. ಅದಕ್ಕೆ ಮುಂಚೆ ಎರಡು ತೋಟಗಳಲ್ಲಿ ದುಡಿದವರಿಗೆ ಎರಡು ಬೇರೆ ಬೇರೆ ಖಾತೆಗಳಿರುತ್ತವೆ. ಮೇಲಾಗಿ ನಾವು ಗಡಿಯಾಚೆಯ ಕನ್ನಡದವರು. ನಮ್ಮ ಹೆಸರು ಜ್ಞಾನಸ್ನಾನದ ಪುಸ್ತಕದಲ್ಲಿ ಕನ್ನಡದಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ತಮಿಳಿನಲ್ಲೋ ಮಲಯಾಳದಲ್ಲೋ ಇನ್ನೊಂದು ಬಗೆ, ಪಿ.ಎಫ್.ನಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು ಬಗೆ. ಮರಿಯಮ್ಮ, ಮೇರಿ, ಮೇರಿಯಮ್ಮಾಳ್ ಮೂವರೂ ಒಬ್ಬರೇ ಎಂದು ಸಾಧಿಸಲು ಹಳೆಯ ಕಾಗದವಲ್ಲದೆ ಬೇರೆ ಗತಿಯಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಫೋನಿನಲ್ಲಿರುವ ಕಾಗದಗಳೆಲ್ಲ ಒಂದೇ ತೂಕದವಲ್ಲ. ಕಳೆದರೆ ಮತ್ತೆ ಕೇಳಿ ಪಡೆಯಬಹುದಾದವು ಕೆಲವು. ಕಳೆದರೆ ಇನ್ನೊಂದು ಪ್ರತಿ ಯಾರ ವಿರುದ್ಧ ನಾವು ಅರ್ಜಿ ಹಾಕಬೇಕೋ ಅವರ ಕೈಯಲ್ಲಿ ಮಾತ್ರ ಉಳಿಯುವಂಥವು ಕೆಲವು. ನಾವು ಮೊದಲು ಕಾಯಬೇಕಾದದ್ದು ಈ ಎರಡನೆಯವನ್ನು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತದ್ವಿರುದ್ಧ. ಆಧಾರ್ ಕಾರ್ಡಿನ ಚಿತ್ರ ಒಂದೇ ಫೋನಿನಲ್ಲಿ ಏಳು ಕಡೆ ಇರುತ್ತದೆ, ಸಂಬಳ ಚೀಟಿ ಒಂದು ಕಡೆಯೂ ಇರುವುದಿಲ್ಲ.

ವಯನಾಡಿನಲ್ಲಿ ಆದದ್ದನ್ನು ನೆನೆಯಿರಿ. 2024ರ ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತೋಟದ ಪಾಡಿಗಳು ಜನರ ಸಮೇತ ಕೊಚ್ಚಿ ಹೋದವು. ಅದೇ ಪಂಚಾಯಿತಿಯ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದೂ ಹೀಗೆಯೇ ಆಗಿತ್ತು. ಸತ್ತವರಿಗಾಗಿ ನಾವು ಪ್ರಾರ್ಥಿಸಿದ್ದೇವೆ, ಇನ್ನೂ ಪ್ರಾರ್ಥಿಸುತ್ತೇವೆ. ಉಳಿದವರಿಗೆ ಮೈಮೇಲಿನ ಬಟ್ಟೆಯ ಹೊರತು ಏನೂ ಇರಲಿಲ್ಲ. ಟ್ರಂಕೂ ಹೋಯಿತು, ಫೋನೂ ಹೋಯಿತು. ಆಗ ಕೇರಳ ಸರಕಾರದ ಇಲಾಖೆಗಳು ಮೇಪ್ಪಾಡಿಯಲ್ಲೇ ಶಿಬಿರ ನಡೆಸಿ ಕಳೆದುಹೋದ ದಾಖಲೆಗಳನ್ನು ಮತ್ತೆ ಮಾಡಿಕೊಟ್ಟವು. ಒಳ್ಳೆಯ ಕೆಲಸ. ಅದು ಸಾಧ್ಯವಾದದ್ದು ಆಧಾರ್, ರೇಷನ್ ಕಾರ್ಡು, ಜನನ ಪತ್ರಗಳ ಮೂಲ ಸರಕಾರದ ಕಂಪ್ಯೂಟರಿನಲ್ಲಿ ಇದ್ದುದರಿಂದ. ಎಲೆ ತೂಕದ ಚೀಟಿಗೆ, ಮುಂಗಡ ತೀರಿಸಿದ ರಸೀದಿಗೆ, ಮೇಸ್ತ್ರಿ ಕೈಬರಹದಲ್ಲಿ ಕೊಟ್ಟ ಹಾಜರಿಗೆ ಯಾವ ಶಿಬಿರದಲ್ಲಿ ಮೂಲ ಸಿಗುತ್ತದೆ?

ಆದ್ದರಿಂದ ಸರಕಾರ ಕೊಡುವ ಪತ್ರಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 2015ರಿಂದ ನಡೆಯುತ್ತಿರುವ ಡಿಜಿಲಾಕರ್ ಇದೆ. ಅದರಲ್ಲಿ ಇಲಾಖೆಯೇ ಹಾಕಿಕೊಟ್ಟ ಪತ್ರಕ್ಕೆ ಮೂಲದಷ್ಟೇ ಮಾನ್ಯತೆ ಉಂಟು. ನಾವಾಗಿಯೇ ಫೋಟೋ ತೆಗೆದು ಅದಕ್ಕೆ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ, ಅದು ಬರೀ ಚಿತ್ರ. ಈ ವ್ಯತ್ಯಾಸ ತಿಳಿದಿದ್ದರೆ ಸಾಕು. ತೋಟದ ಕಾಗದಕ್ಕೆ ನಮ್ಮ ಪೆಟ್ಟಿಗೆಯನ್ನು ನಾವೇ ಮಾಡಿಕೊಳ್ಳಬೇಕು.

ಆ ಪೆಟ್ಟಿಗೆ ಫೋನಿನಲ್ಲಿ ಎಲ್ಲಿದೆ ಎಂದು ಬಹಳ ಜನ ಕೇಳುತ್ತಾರೆ. ಗ್ಯಾಲರಿ ಎಂಬುದು ಪೆಟ್ಟಿಗೆಯಲ್ಲ, ಕಿಟಕಿ. ಕ್ಯಾಮೆರಾದಿಂದ ತೆಗೆದ ಚಿತ್ರ ಒಂದು ಫೋಲ್ಡರಿನಲ್ಲಿರುತ್ತದೆ, ವಾಟ್ಸಾಪಿನಲ್ಲಿ ಬಂದದ್ದು ವಾಟ್ಸಾಪಿನ ಫೋಲ್ಡರಿನಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿದ್ದು ಡೌನ್‌ಲೋಡ್ ಎಂಬಲ್ಲಿ. ಗ್ಯಾಲರಿ ಇವೆಲ್ಲವುಗಳ ಚಿತ್ರಗಳನ್ನು ಒಟ್ಟಿಗೆ ತೋರಿಸುತ್ತದೆ, ಅಷ್ಟೆ. ಪಿ.ಡಿ.ಎಫ್. ಆಗಿ ಬಂದ ಚೀಟಿಯನ್ನು ಸಾಮಾನ್ಯವಾಗಿ ಅದು ತೋರಿಸುವುದೇ ಇಲ್ಲ. ಚೀಟಿ ಅಳಿಸಿಹೋಯಿತು ಎಂದು ಗೋಳಾಡುವವರ ಫೋನಿನಲ್ಲಿ ಅದು ಎಷ್ಟೋ ಸಲ ಡೌನ್‌ಲೋಡಿನಲ್ಲೇ ತಣ್ಣಗೆ ಮಲಗಿರುತ್ತದೆ. ಫೈಲ್ಸ್ ಅಥವಾ ಫೈಲ್ ಮ್ಯಾನೇಜರ್ ಎಂಬ ಗುರುತನ್ನು ಒತ್ತಿ ಒಳಗೆ ಹೋದರೆ ಪೆಟ್ಟಿಗೆ ಕಾಣುತ್ತದೆ. ಅಲ್ಲಿ ಡಾಕ್ಯುಮೆಂಟ್ಸ್ ಎಂಬುದರ ಒಳಗೆ ಹೊಸ ಫೋಲ್ಡರ್ ಮಾಡಿ. ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಫೋನು ಒಪ್ಪುತ್ತದೆ. ಬೆರಳಿನಿಂದ ಬರೆಯಲು ಕಷ್ಟವಾದರೆ ಕೀಲಿಮಣೆಯ ಮೈಕು ಒತ್ತಿ ಬಾಯಲ್ಲಿ ಹೇಳಿದರೂ ಕನ್ನಡ ಮೂಡುತ್ತದೆ. ‘ಅಮ್ಮನ ತೋಟದ ಕಾಗದ’ ಎಂದು ಇದ್ದರೆ ಅದನ್ನು ಅಳಿಸುವ ಮೊದಲು ಯಾವ ಹುಡುಗನ ಕೈಯೂ ಒಂದು ಕ್ಷಣ ನಿಲ್ಲುತ್ತದೆ.

ಪ್ರತಿ ಫೈಲಿಗೂ ಹೆಸರು ಬೇಕು. ವಾಟ್ಸಾಪ್ ತಾನಾಗಿ ಇಡುವ ಹೆಸರಿನಲ್ಲಿ ತಾರೀಖು ಇರುವುದು ನಿಜ. ಆದರೆ ಅದು ಚಿತ್ರ ನಮ್ಮ ಫೋನಿಗೆ ಬಂದ ತಾರೀಖು. 2023ರ ಚೀಟಿಯನ್ನು ಯಾರೋ ಈ ವರ್ಷ ಕಳುಹಿಸಿದರೆ ಹೆಸರಿನಲ್ಲಿ ಈ ವರ್ಷವೇ ಇರುತ್ತದೆ. ಅದನ್ನು ನಂಬಿ ಅರ್ಜಿ ಬರೆದರೆ ಆಫೀಸಿನ ಗುಮಾಸ್ತರು ಮೊದಲ ಸಾಲಿನಲ್ಲೇ ಹಿಡಿದುಬಿಡುತ್ತಾರೆ. ರೀನೇಮ್ ಒತ್ತಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ವಿಷಯ ಬರೆಯಿರಿ. ‘2026-01 ಸಂಬಳ’, ‘2026-02 ಸಂಬಳ’ ಎಂದಿಟ್ಟರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ, ನಡುವೆ ಯಾವ ತಿಂಗಳು ತಪ್ಪಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಆ ಸಾಲು ಕೆಡುತ್ತದೆ. ಯಂತ್ರದ ತೂಕ ಚೀಟಿ ಕೊಡುವ ತೋಟಗಳಲ್ಲಿ ಅದರ ನುಣುಪು ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬೆವರಿನ ಕೈಯಲ್ಲಿ, ಒಲೆಯ ಪಕ್ಕದಲ್ಲಿ ಇನ್ನೂ ಬೇಗ. ಅಂದೇ ಸಂಜೆ ಬೆಳಕಿರುವಾಗ ನಾಲ್ಕು ಮೂಲೆಯೂ ಕಾಣುವಂತೆ ಚಿತ್ರ ತೆಗೆಯಬೇಕು. ಇನ್ನೊಬ್ಬರಿಗೆ ಕಳುಹಿಸುವಾಗ ಫೋಟೋ ಆಗಿ ಕಳುಹಿಸಬೇಡಿ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೋ ಆಗಿ ಹೋದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಸಣ್ಣ ಅಂಕಿಗಳು ಕಲಸಿಹೋಗುತ್ತವೆ. ವಾಟ್ಸಾಪಿನಲ್ಲಿ ಬಂದ ಚೀಟಿಯನ್ನು ಆಗಲೇ ತೆರೆದು ಇಳಿಸಿಕೊಳ್ಳಿ. ಬಹಳ ದಿನ ಬಿಟ್ಟು ಒತ್ತಿದರೆ ಕಳುಹಿಸಿದವರನ್ನೇ ಮತ್ತೆ ಕೇಳಿ ಎಂಬ ಉತ್ತರ ಬರುವುದುಂಟು. ಚಾಟ್ ಖಾಲಿ ಮಾಡುವಾಗ ಜೊತೆಯ ಚಿತ್ರಗಳನ್ನೂ ಅಳಿಸಲೇ ಎಂದು ಕೇಳುವ ಸಣ್ಣ ಚೌಕದ ಮೇಲೂ ಕಣ್ಣಿರಲಿ.

ಜಾಗ ಸಾಲದು ಎನ್ನುವವರು ಶುಭೋದಯಗಳನ್ನು ಅಳಿಸಲಿ. ನಗಬೇಡಿ. ನಮ್ಮ ದೇಶದ ಶುಭೋದಯ ಚಿತ್ರಗಳಿಂದ ಫೋನುಗಳು ತುಂಬಿ ನಿಂತುಹೋಗುವುದನ್ನು ಗೂಗಲ್ ಕಂಪನಿಯೇ ಗಮನಿಸಿ, 2017ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆ ಮಾಡಿದ ತನ್ನ ಫೈಲ್ಸ್ ಆ್ಯಪಿನಲ್ಲಿ ಅಂಥವನ್ನು ಹೆಕ್ಕಿ ತೆಗೆಯುವ ಏರ್ಪಾಡು ಮಾಡಿತು. ಅದು ಹೆಕ್ಕಿದ್ದನ್ನೂ ಒಮ್ಮೆ ಕಣ್ಣಾಡಿಸಿಯೇ ಒಪ್ಪಬೇಕು. ತಪ್ಪಿ ಅಳಿಸಿದ್ದು ಆ ಆ್ಯಪಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ.

ಪೆಟ್ಟಿಗೆಯೊಂದನ್ನು ಮಾಡಿದರೆ ಕೆಲಸ ಮುಗಿಯಿತೇ? ಇಲ್ಲ. ಪ್ರವಾದಿ ಯೆರೆಮೀಯ ಅನಾತೋತಿನ ಹೊಲವನ್ನು ಹದಿನೇಳು ಬೆಳ್ಳಿ ಶೆಕೆಲುಗಳಿಗೆ ಕೊಂಡ ಕತೆ ನಿಮಗೆ ಗೊತ್ತು. ಜೆರುಸಲೇಮನ್ನು ಬಾಬಿಲೋನಿನ ಸೈನ್ಯ ಮುತ್ತಿತ್ತು, ಪ್ರವಾದಿ ಸೆರೆಯಲ್ಲಿದ್ದ. ಆದರೂ ಕ್ರಯಪತ್ರವನ್ನು ಎರಡು ಪ್ರತಿ ಮಾಡಿಸಿದ, ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಎರಡನ್ನೂ ಮಣ್ಣಿನ ಪಾತ್ರೆಯಲ್ಲಿಟ್ಟು ಬಹುಕಾಲ ಉಳಿಯುವಂತೆ ಮಾಡು ಎಂದು ಬಾರೂಕನಿಗೆ ಅಪ್ಪಣೆಯಾಯಿತು. ಉಪದೇಶ ತರಗತಿಯಲ್ಲಿ ಇದನ್ನು ನಿರೀಕ್ಷೆಯ ಪಾಠವೆಂದು ಹೇಳಿಕೊಡುತ್ತೇವೆ, ಅದು ಸರಿಯೇ. ಕಾಗದದ ಪಾಠವೂ ಹೌದು. ದೇಶವೇ ಸೂರೆಹೋಗುತ್ತಿರುವಾಗ ಒಂದು ತುಂಡು ಹೊಲದ ಪತ್ರಕ್ಕೆ ಸಾಕ್ಷಿ ಹಾಕಿಸಿ, ಪಾತ್ರೆ ಹುಡುಕಿ ಇಡುವ ಆ ಶ್ರದ್ಧೆಯನ್ನು ನಾವು ಲೌಕಿಕವೆಂದು ತಳ್ಳಿಹಾಕಲಾರೆವು.

ಎರಡನೆಯ ಪ್ರತಿ ಮನೆಯ ಹೊರಗಿರಬೇಕು ಎಂಬುದನ್ನು ಮುಂಡಕ್ಕೈ ತೋರಿಸಿದೆ. ಗೂಗಲ್ ಖಾತೆಯಲ್ಲಿ 15 ಜಿ.ಬಿ. ಜಾಗ ಬಿಟ್ಟಿಯಾಗಿ ಸಿಗುತ್ತದೆ. ಮೂವತ್ತು ವರ್ಷದ ಚೀಟಿಗಳಿಗೆ ಅದು ಧಾರಾಳ. ಆದರೆ 2021ರ ಜೂನ್‌ನಿಂದ ಏರಿಸುವ ಫೋಟೋಗಳೂ ಅದೇ ಲೆಕ್ಕಕ್ಕೆ ಸೇರುವುದರಿಂದ ಎಲ್ಲ ಚಿತ್ರಗಳನ್ನೂ ತುಂಬಿದರೆ ಬೇಗ ಭರ್ತಿಯಾಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಕಂಪನಿ ಅಳಿಸಿಹಾಕಬಹುದು ಎಂಬುದೂ ನೆನಪಿರಲಿ. ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದು ನಂಬಿಕೆಯ ಬಂಧುಗಳ ಮನೆಯಲ್ಲಿಡಿ. ಇಂಟರ್ನೆಟ್ಟು ಬೇಡವೆನ್ನುವವರು ಊರಿನ ತಂಗಿಯ ಫೋನಿಗೆ ಪ್ರತಿ ತಿಂಗಳು ಒಂದು ಪ್ರತಿ ಕಳುಹಿಸಬಹುದು. 2020-21ರಲ್ಲಿ ಮಕ್ಕಳ ಪಾಠಕ್ಕೆಂದು ಬಂದ ಟ್ಯಾಬ್ಲೆಟ್ಟು ಗಾಜು ಒಡೆದು ಕಪಾಟಿನಲ್ಲಿ ಬಿದ್ದಿದ್ದರೆ ಅದೂ ಆದೀತು, ಆಗಾಗ ಚಾರ್ಜು ಮಾಡುತ್ತಿರಬೇಕು ಮತ್ತು ಅದು ಪಾಡಿಯಲ್ಲದೆ ಬೇರೆ ಕಡೆ ಇರಬೇಕು.

ಎಲ್ಲ ಫೋನಿಗೆ ಬಂತಲ್ಲ, ಇನ್ನು ಕಾಗದ ಬಿಸಾಡೋಣ ಎನ್ನುವ ಯುವಕರ ಮಾತನ್ನು ನಾವು ಒಪ್ಪುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ ಪ್ರಕಾರವೂ ಫೋನಿನಿಂದ ತೆಗೆದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದಕ್ಕೊಂದು ದೃಢೀಕರಣ ಪತ್ರ ಲಗತ್ತಿಸಬೇಕಾಗುತ್ತದೆ. ಮೂಲ ಕಾಗದ ಕೈಯಲ್ಲಿದ್ದವರಿಗೆ ಆ ತೊಡಕಿಲ್ಲ. ಫೋನೇ ಸೈತಾನನ ಉಪಕರಣ, ಅದನ್ನು ಮನೆಯೊಳಗೆ ಬಿಡಬಾರದು ಎನ್ನುವ ಕೆಲವು ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಆಫೀಸು ಚೀಟಿ ಕಳುಹಿಸುವುದು ಅದಕ್ಕೇ ಎಂದಾದ ಮೇಲೆ ಬಾಗಿಲು ಮುಚ್ಚಿಕೊಂಡು ಕೂತರೆ ನಷ್ಟ ಯಾರಿಗೆ?

ಭಯ ಪಡಬೇಕಾದದ್ದು ಬೇರೆ ಕಡೆ ಇದೆ. ಐದು ನಿಮಿಷದಲ್ಲಿ ಸಾಲ ಎಂದು ಬರುವ ಆ್ಯಪುಗಳು ನಿಮ್ಮ ಫೋಟೋ, ಫೈಲು, ಪರಿಚಯದವರ ನಂಬರುಗಳನ್ನು ನೋಡಲು ಅನುಮತಿ ಕೇಳುತ್ತವೆ. ಕೊಟ್ಟಿರೋ, ಕಂತು ತಪ್ಪಿದ ದಿನ ಮಗಳ ಚಿತ್ರವನ್ನು ಕೆಡಿಸಿ ನೆಂಟರಿಗೆಲ್ಲ ಕಳುಹಿಸುವ ಪಾಪಿಗಳೂ ಇದ್ದಾರೆ. ಸಾಲದ ಆ್ಯಪು ಫೋನಿನ ಫೈಲು, ಚಿತ್ರ, ನಂಬರುಗಳನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಕೇಳುವ ಆ್ಯಪು ಕಳ್ಳ ಆ್ಯಪೆಂದೇ ತಿಳಿಯಿರಿ. ಫೋನು ಮಾರುವಾಗ, ರಿಪೇರಿಗೆ ಕೊಡುವಾಗ ತೋಟದ ಫೋಲ್ಡರನ್ನು ಬೇರೆಡೆಗೆ ಪ್ರತಿ ಮಾಡಿ ಇಲ್ಲಿಂದ ತೆಗೆದುಬಿಡಿ. ಆಧಾರ್ ಕೇಳಿದವರಿಗೆಲ್ಲ ಪೂರ್ತಿ ಚಿತ್ರ ಕಳುಹಿಸಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ.

ಇಷ್ಟೆಲ್ಲ ನಮ್ಮ ಜನರಿಗೆ ಹೇಳಿದ ಮೇಲೆ ಆಡಳಿತವರ್ಗಕ್ಕೂ ಸಂಘಕ್ಕೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ದುಡಿಸುವವರು ಸಂಬಳ ಚೀಟಿ ಕೊಡಲೇಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಅದೂ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನೂರಿಪ್ಪತ್ತು ಜನರಿರುವ ವಾಟ್ಸಾಪ್ ಗುಂಪಿಗೆ ಇಡೀ ಡಿವಿಜನ್ನಿನ ಪಟ್ಟಿಯ ಮಸುಕು ಚಿತ್ರವೊಂದನ್ನು ಎಸೆದು ಚೀಟಿ ಕೊಟ್ಟಾಯಿತು ಎನ್ನುವುದನ್ನು ನಾವು ಕೊಟ್ಟದ್ದೆಂದು ಒಪ್ಪಲಾರೆವು. ಒಬ್ಬೊಬ್ಬರಿಗೆ ಅವರವರದು ಪಿ.ಡಿ.ಎಫ್. ಆಗಿ, ಹೆಸರು, ಚೆಕ್‌ರೋಲ್ ನಂಬರು, ತಿಂಗಳು, ಹಾಜರಿ ದಿನಗಳೊಂದಿಗೆ ಬರಬೇಕು. ದುಡಿಯುವ ಹೆಂಗಸಿನ ಚೀಟಿ ಗಂಡನ ಫೋನಿಗೆ ಹೋಗುವುದೂ ನಿಲ್ಲಬೇಕು. ಮುಂದಿನ ಕೂಲಿ ಮಾತುಕತೆಯ ಬೇಡಿಕೆ ಪಟ್ಟಿಯಲ್ಲಿ ಇದು ಸೇರಲಿ ಎಂಬುದು ನಮ್ಮ ಸಲಹೆ. ಸಂಘದ ಕಾರ್ಯಕರ್ತರು ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಕೂತು, ಬಂದವರ ಫೋನಿನಲ್ಲಿ ಆ ಫೋಲ್ಡರ್ ಮಾಡಿಕೊಡಬಹುದು. ಫೋನನ್ನು ಕಾರ್ಯಕರ್ತರು ಕೈಗೆ ತೆಗೆದುಕೊಳ್ಳದೆ, ಅದರ ಒಡತಿಯ ಬೆರಳಿನಿಂದಲೇ ಮಾಡಿಸಬೇಕು. ಬರೀ ಬಟನ್ ಫೋನು ಇರುವ ಮನೆಗಳು, ಯಾವ ಫೋನೂ ಇಲ್ಲದ ಮನೆಗಳು ಇನ್ನೂ ಪ್ರತಿ ಲೈನಿನಲ್ಲಿ ಇವೆ. ಅವರಿಗೆ ಚೀಟಿ ಕಾಗದದಲ್ಲೇ ಸಿಗಬೇಕು. ಅಂಥ ಮನೆಗಳ ಹೆಸರನ್ನು ಲೈನುವಾರು ಬರೆದುಕೊಂಡು ಬರುವ ಸಭೆಗೆ ತಂದುಕೊಡಿ, ಆಫೀಸಿಗೆ ಸಲ್ಲಿಸುವ ಪತ್ರಕ್ಕೆ ಆ ಪಟ್ಟಿಯನ್ನು ಲಗತ್ತಿಸುತ್ತೇವೆ.